ಹೊಲದ ನೀರು, ಗಿರಣಿಯ ನೀರು, ಮನೆಯ ನೀರು

ಮುಂಡರಗಿ ತಾಲೂಕಿನ ಹಮ್ಮಿಗಿ ಗ್ರಾಮದ ಹತ್ತಿರ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನ ಮೇಲೆ ನಿಂತು ನೋಡಿದವರಿಗೆ ಕಾಣುವ ನೀರು ಒಂದೇ. ಆದರೆ ಆ ನೀರಿನ ಮೇಲೆ ಆಸೆಯಿಟ್ಟು ಕುಳಿತವರು ಮೂರು ತರದವರು. ಸಿಂಗಟಾಲೂರ ಏತ ನೀರಾವರಿಯ ಕಾಲುವೆಯನ್ನು ನಂಬಿ ಬಿತ್ತುವ ಒಕ್ಕಲಿಗರು ಒಂದು ಕಡೆ. ಗದಗ-ಬೆಟಗೇರಿಯ ಓಣಿಗಳಲ್ಲಿ ಕೊಡಗಳನ್ನು ಸಾಲಾಗಿ ಇಟ್ಟು ನಳದ ದಾರಿ ಕಾಯುವ ಗೃಹಸ್ಥರು ಇನ್ನೊಂದು ಕಡೆ. ನದಿಯ ನೀರು ಸಿಕ್ಕರೆ ಸಾವಿರ ಕೈಗಳಿಗೆ ಕೆಲಸ ಕೊಡುವೆವೆಂದು ಹೇಳುವ ಕಾರಖಾನೆಯವರು ಮತ್ತೊಂದು ಕಡೆ. ಮೂವರ ಬೇಡಿಕೆಯಲ್ಲಿಯೂ ನ್ಯಾಯವುಂಟು. ಆದರೂ ಬೇಸಿಗೆ ಬಂದಿತೆಂದರೆ ಒಬ್ಬರು ಮತ್ತೊಬ್ಬರನ್ನು ದೂರುವದು ತಪ್ಪಿಲ್ಲ. ಪೇಟೆಯವರು ನೀರನ್ನೆಲ್ಲ ಒಕ್ಕಲಿಗನು ಕುಡಿದನೆನ್ನುವರು. ಒಕ್ಕಲಿಗರು ಪೇಟೆಯ ಸಲುವಾಗಿ ತಮ್ಮ ಪಂಪು ನಿಂತಿತೆನ್ನುವರು.

ಈ ಜಗಳದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹುಟ್ಟುವದು, ಮೂರು ಬಗೆಯ ನೀರನ್ನು ಒಂದೇ ಕೊಳಗದಿಂದ ಅಳೆಯುವದರಿಂದ. ಎಷ್ಟು ನೀರು ಬೇಕು ಎಂಬುದೊಂದೇ ಪ್ರಶ್ನೆಯಲ್ಲ. ಎಂಥ ನೀರು ಬೇಕು, ಯಾವಾಗ ಬೇಕು, ಬಳಸಿದ ಮೇಲೆ ಉಳಿಯುವದೇನು ಎಂಬ ಮೂರು ಪ್ರಶ್ನೆಗಳನ್ನೂ ಕೂಡಿಸಿ ವಿಚಾರಿಸಿದರೆ, ಹೊಲ, ಗಿರಣಿ, ಮನೆಗಳು ಒಂದನ್ನೊಂದು ಕೆಡಿಸದೆ ಬಾಳುವ ದಾರಿಯು ತಾನಾಗಿಯೇ ತೋರುವದು.

ನಾಡಿನ ಸ್ಥಿತಿ

೧೯೯೭ನೆಯ ಇಸವಿಯಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಯಲ್ಲಿ ವರುಷಕ್ಕೆ ಬೀಳುವ ಮಳೆಯು ಸುಮಾರು ೬೦೦ ಮಿಲಿಮೀಟರು, ಅಂದರೆ ೨೪ ಅಂಗುಲ ಮಾತ್ರ. ಅದೂ ಹೊತ್ತಿಗೆ ಸರಿಯಾಗಿ ಬಾರದು. ಎರೆಭೂಮಿಯು ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಹಿಂಗಾರಿಯ ಜೋಳ, ಕಡಲೆ, ಕುಸುಬೆಗಳನ್ನು ಬೆಳೆಸುತ್ತದೆ. ಮಸಾರಿ ಭೂಮಿಯು ಅಷ್ಟು ನೀರನ್ನು ಹಿಡಿಯಲಾರದೆ, ಎರಡು ವಾರ ಮಳೆ ತಪ್ಪಿದರೆ ಶೇಂಗಾ ಬೆಳೆಯು ಬಾಡತೊಡಗುತ್ತದೆ. ತುಂಗಭದ್ರೆಯು ಶಿರಹಟ್ಟಿ, ಮುಂಡರಗಿ ಸೀಮೆಗಳ ತೆಂಕಣ ಅಂಚನ್ನು ಮಾತ್ರ ಮುಟ್ಟಿ ಹರಿಯುತ್ತದೆ. ನಡುವೆ ಕಪ್ಪತಗುಡ್ಡದ ಸಾಲು ಇದೆ. ನದಿಯು ತಗ್ಗಿನಲ್ಲಿ, ಹೊಲ ಮತ್ತು ಊರುಗಳು ಎತ್ತರದಲ್ಲಿ. ಆದುದರಿಂದ ಈ ಸೀಮೆಗೆ ಬರುವ ನದಿಯ ಪ್ರತಿಯೊಂದು ಕೊಡವೂ ವಿದ್ಯುತ್ತಿನ ಬಲದಿಂದ ಏರಿ ಬರಬೇಕು. ಇಲ್ಲಿ ನೀರು ಪುಕ್ಕಟೆಯಾದುದೆಂದು ತಿಳಿಯುವವನು ಲೆಕ್ಕ ತಪ್ಪಿದವನೇ ಸರಿ.

ಹಿಂದಿನವರು ಇದನ್ನು ಅರಿಯದವರಾಗಿರಲಿಲ್ಲ. ಲಕ್ಷ್ಮೇಶ್ವರದ ಪ್ರಾಚೀನ ಹೆಸರು ಪುಲಿಗೆರೆ. ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಡಂಬಳದ ದೊಡ್ಡ ಕೆರೆಯು ಇಂದಿಗೂ ಕಣ್ಣೆದುರಿಗಿದೆ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿಗಳೆಂಬ ಮಾತು ಜನರ ಬಾಯಲ್ಲಿ ಉಳಿದುಬಂದಿದೆ. ಶಿರಹಟ್ಟಿ ಸೀಮೆಯ ಮಾಗಡಿಯ ಕೆರೆಯು ಮಳೆಯ ನೀರನ್ನು ಕೂಡಿಟ್ಟು ಹೊಲಗಳಿಗೆ ಒದಗಿಸುವದಕ್ಕಾಗಿ ಮಾಡಿದುದು. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುವದರಿಂದ ೨೦೨೪ನೆಯ ಇಸವಿಯಲ್ಲಿ ಅದು ರಾಮ್ಸಾರ್ ಒಪ್ಪಂದದ ಜಲತಾಣಗಳ ಯಾದಿಯಲ್ಲಿ ಸೇರಿತು. ಒಕ್ಕಲಿಗನಿಗಾಗಿ ಕಟ್ಟಿದ ಕೆರೆಯು ಹಕ್ಕಿಗೂ ನೆಲೆಯಾಯಿತು.

ಹಿಂದಿನ ಏರ್ಪಾಡಿನಲ್ಲಿ ಗಮನಿಸತಕ್ಕ ಎರಡು ಸಂಗತಿಗಳುಂಟು. ಒಂದನೆಯದು, ಕುಡಿಯುವ ಸಿಹಿನೀರಿನ ಬಾವಿಯು ಬೇರೆ, ದನಕರುಗಳಿಗೂ ಹೊಲಕ್ಕೂ ಕೆರೆಯು ಬೇರೆ. ಸವಳು ನೀರಿನ ಬಾವಿಯು ಬಳಕೆಗೆ ಮಾತ್ರ. ನೀರಿನ ಗುಣವನ್ನು ನೋಡಿ ಕೆಲಸವನ್ನು ಹಂಚುತ್ತಿದ್ದರು. ಎರಡನೆಯದು, ಕೆರೆಯಲ್ಲಿ ಎಷ್ಟು ನೀರುಂಟೆಂಬುದು ಊರಿನ ಯಾವತ್ತೂ ಜನರ ಕಣ್ಣಿಗೆ ಕಾಣುತ್ತಿತ್ತು. ಈಗ ಲಕ್ಷ್ಮೇಶ್ವರದ ನಳದ ನೀರು ಮೇವುಂಡಿಯ ಬಳಿಯ ನದಿಯಿಂದ ಬರುತ್ತದೆ. ಗದಗ-ಬೆಟಗೇರಿಯ ನೀರು ಎಷ್ಟೋ ಹರದಾರಿಗಳಾಚೆಯ ಹೊಳೆಯಿಂದ ಬರುತ್ತದೆ. ನೀರಿನ ಮೂಲವು ಕಣ್ಣಿಗೆ ದೂರವಾದಂತೆ ಅದರ ಲೆಕ್ಕವೂ ಮನಸ್ಸಿಗೆ ದೂರವಾಯಿತು.

ಎಷ್ಟು ನೀರು?

ಮೊದಲು ಅಳತೆಯನ್ನು ನೋಡೋಣ. ಲೋಕದಲ್ಲಿ ಮನುಷ್ಯರು ನದಿ, ಕೆರೆ, ಅಂತರ್ಜಲಗಳಿಂದ ಎತ್ತುವ ಸಿಹಿನೀರಿನಲ್ಲಿ ನೂರಕ್ಕೆ ಸುಮಾರು ೭೦ ಪಾಲು ಒಕ್ಕಲುತನಕ್ಕೆ ಸಲ್ಲುತ್ತದೆ. ಉಳಿದುದನ್ನು ಕಾರಖಾನೆಗಳೂ ಮನೆಗಳೂ ಹಂಚಿಕೊಳ್ಳುತ್ತವೆ. ಜರ್ಮನಿಯಂಥ ಮಳೆ ಸಾಕಾಗುವ ದೇಶಗಳಲ್ಲಿ ಹೊಲಕ್ಕೆ ನೀರು ಹಾಯಿಸುವ ಪ್ರಸಂಗವು ಕಡಿಮೆಯಾದುದರಿಂದ ಕಾರಖಾನೆ ಮತ್ತು ವಿದ್ಯುತ್ಕೇಂದ್ರಗಳ ಪಾಲೇ ದೊಡ್ಡದು. ಭಾರತದ ಮಾತು ಬೇರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ೨೦೧೦ನೆಯ ಸಾಲಿಗೆ ಕೊಟ್ಟ ಅಂಕಿಗಳ ಮೇರೆಗೆ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ೯೦ ಪಾಲು ಒಕ್ಕಲುತನಕ್ಕೆ, ೭ ಪಾಲು ಮನೆ ಮತ್ತು ಪಟ್ಟಣಗಳಿಗೆ, ೨ ಪಾಲು ಕಾರಖಾನೆಗಳಿಗೆ ಸಲ್ಲುತ್ತದೆ.

ದೇಶದ ಲೆಕ್ಕವು ಹೊಲದವನ ಮನಸ್ಸಿಗೆ ಮುಟ್ಟುವದು ಕಷ್ಟ. ಊರಿನ ಲೆಕ್ಕವನ್ನು ಹಿಡಿಯುವದೇ ಲೇಸು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಸುಮಾರು ಒಂದು ಲಕ್ಷ ಲೀಟರು ಆಗುವದು. ಹಳ್ಳಿಯ ಮನೆಗಳಿಗೆ ತಲೆಗೆ ದಿನಕ್ಕೆ ೫೫ ಲೀಟರು ನೀರು ಒದಗಬೇಕೆಂಬುದು ೨೦೧೯ರಲ್ಲಿ ಆರಂಭವಾದ ಜಲಜೀವನ ಮಿಶನ್ನಿನ ಪ್ರಮಾಣ. ಐದು ಜನರ ಸಂಸಾರಕ್ಕೆ ಈ ಪ್ರಮಾಣದಲ್ಲಿ ವರುಷಕ್ಕೆ ಬೇಕಾಗುವದೂ ಸುಮಾರು ಒಂದು ಲಕ್ಷ ಲೀಟರು. ಎಂದರೆ ಒಂದು ಎಕರೆಯ ಮೇಲಿನ ಒಂದು ಅಂಗುಲ ಮಳೆಯು ಒಂದು ಸಂಸಾರದ ಒಂದು ವರುಷದ ನೀರು. ಒಂದು ಎಕರೆಗೆ ಎರಡು ಅಂಗುಲದಂತೆ ಒಂದೇ ಒಂದು ಸಾರಿ ಹಾಯಿಸಿದರೆ ಅದು ಆ ಸಂಸಾರದ ಎರಡು ವರುಷಗಳ ನೀರು.

ಪಟ್ಟಣದ ಲೆಕ್ಕವೂ ಹೀಗೆಯೇ. ೨೦೧೧ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆಯು ೧ ಲಕ್ಷ ೭೨ ಸಾವಿರಕ್ಕೆ ಮಿಕ್ಕಿತ್ತು. ಪಟ್ಟಣದ ಪ್ರಮಾಣವಾದ ತಲೆಗೆ ೧೩೫ ಲೀಟರಿನಂತೆ ಹಿಡಿದರೆ ದಿನಕ್ಕೆ ಸುಮಾರು ೨ ಕೋಟಿ ೩೨ ಲಕ್ಷ ಲೀಟರು, ವರುಷಕ್ಕೆ ಸುಮಾರು ೮೫ ಲಕ್ಷ ಘನ ಮೀಟರು ಬೇಕಾಗುವದು. ಟಿ.ಎಂ.ಸಿ. ಲೆಕ್ಕದಲ್ಲಿ ಇದು ೦.೩ ಮಾತ್ರ. ಕಬ್ಬಿನ ಬೆಳೆಗೆ ೬೦ ರಿಂದ ೮೦ ಅಂಗುಲ ನೀರು ಬೇಕಾಗುವದರಿಂದ, ಈ ಅವಳಿ ಪಟ್ಟಣದ ವರುಷದ ನೀರೆಲ್ಲವೂ ಸುಮಾರು ೧,೦೦೦ ದಿಂದ ೧,೪೦೦ ಎಕರೆ ಕಬ್ಬಿನ ನೀರಿಗೆ ಸಮನಾಯಿತು. ಜೋಳಕ್ಕೆ ಬೇಕಾಗುವದು ೧೮ ರಿಂದ ೨೬ ಅಂಗುಲ; ಅದರಲ್ಲಿ ಹೆಚ್ಚಿನ ಪಾಲನ್ನು ಎರೆಭೂಮಿಯೇ ಮಳೆಯಿಂದ ಕೂಡಿಟ್ಟು ಕೊಡುತ್ತದೆ.

ಈ ಲೆಕ್ಕದಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಹೊಲದಲ್ಲಿ ನೂರಕ್ಕೆ ಐದು ಪಾಲು ನೀರು ಉಳಿದರೂ ಮನೆಗಳ ಕೊರತೆಯು ಬಹುಮಟ್ಟಿಗೆ ನೀಗುವಷ್ಟಾಗುವದು. ಮನೆಯಲ್ಲಿ ಎಷ್ಟು ಮಿತವ್ಯಯ ಮಾಡಿದರೂ ಅದರಿಂದ ಹೊಲದ ಕೊರತೆಯು ತುಂಬದು. ಇದು ಒಂದು. ಪಟ್ಟಣಕ್ಕೆ ಬೇಕಾಗುವ ನೀರು ನದಿಯ ಹರಿವಿನ ಮುಂದೆ ಅಷ್ಟು ಸ್ವಲ್ಪವಾಗಿರಲು, ವಾರಗಟ್ಟಲೆ ನಳಕ್ಕೆ ನೀರು ಬಾರದ ಹೊತ್ತಿನಲ್ಲಿ ತಪ್ಪನ್ನು ಒಕ್ಕಲಿಗನ ಮೇಲೆ ಹೊರಿಸುವದು ಅನ್ಯಾಯ. ಆ ಕೊರತೆಯ ಬಹುಪಾಲು ಒಡೆಯುವ ಕೊಳವೆಯಲ್ಲಿ, ನಿಲ್ಲುವ ಪಂಪಿನಲ್ಲಿ, ಸಾಲದ ಸಂಗ್ರಹದಲ್ಲಿ ಮತ್ತು ಹಂಚುವ ಕ್ರಮದಲ್ಲಿ ಇರುವದು. ಇದು ಎರಡನೆಯದು.

ಬಳಸಿದ ಮೇಲೆ ಉಳಿಯುವದೇನು?

ಅಳತೆಯೊಂದನ್ನೇ ನೋಡಿ ಒಕ್ಕಲಿಗನನ್ನು ನೀರುಬಾಕನೆಂದು ಕರೆಯುವವರು ಈ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ. ಹೊಲಕ್ಕೆ ಹೋದ ನೀರಿನ ದೊಡ್ಡ ಪಾಲು ಬೆಳೆಯ ಎಲೆಗಳಿಂದಲೂ ಮಣ್ಣಿನ ಮೈಯಿಂದಲೂ ಆವಿಯಾಗಿ ಆಕಾಶಕ್ಕೆ ಹೋಗುವದು. ಕಾಳು, ಮೇವುಗಳನ್ನು ಕೊಟ್ಟು ಹೋಗುವದೆಂಬುದನ್ನು ಮರೆಯಲಾಗದು. ಉಳಿದುದು ಇಂಗಿ ಬಾವಿಗಳಿಗೆ ಸೇರುವದು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು ೮೦ ಪಾಲು ಗಟಾರದ ಮುಖಾಂತರ ಹೊರಗೆ ಬರುವದು. ಹೊಲದ ನೀರು ಮುಗಿಯುವದು, ಆದರೆ ಕೆಡುವದು ಸ್ವಲ್ಪ. ಮನೆಯ ನೀರು ಕೆಡುವದು, ಆದರೆ ಮುಗಿಯುವದಿಲ್ಲ.

ಕಾರಖಾನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಗದಗಿನ ಅರಳೆ ಹಿಂಜುವ ಗಿರಣಿಗೆ ನೀರಿನ ಅವಶ್ಯಕತೆಯೇ ಅತ್ಯಲ್ಪ. ಬೆಟಗೇರಿಯ ಮಗ್ಗವೂ ಹಾಗೆಯೇ. ಆದರೆ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿ ಬಳಸುವ ನೀರು ಕಡಿಮೆಯಿದ್ದರೂ ಕೆಡುವದು ಬಹಳ. ಆ ನೀರನ್ನು ಶುದ್ಧಮಾಡದೆ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಬಾವಿಗಳೆಲ್ಲ ಹಾಳಾಗುವವು. ಸಕ್ಕರೆಯ ಮಾತು ಮತ್ತೊಂದು ಬಗೆ. ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು ೭೦ ಪಾಲು ನೀರೇ ಇರುವದರಿಂದ, ಒಳ್ಳೆಯ ಏರ್ಪಾಡುಳ್ಳ ಸಕ್ಕರೆ ಕಾರಖಾನೆಯು ಆ ನೀರನ್ನೇ ತಿರುಗಿ ತಿರುಗಿ ಬಳಸಿ ನಡೆಯಬಹುದು. ಸಕ್ಕರೆಯ ನಿಜವಾದ ನೀರು ಕಾರಖಾನೆಯಲ್ಲಿಲ್ಲ, ಕಬ್ಬಿನ ಹೊಲದಲ್ಲಿದೆ. ಆದುದರಿಂದ ಕಾರಖಾನೆಗೆ ಅನುಮತಿ ಕೊಡುವಾಗ ಅದರ ಕೊಳವೆಯ ನೀರನ್ನು ಮಾತ್ರ ಅಳೆದರೆ ಸಾಲದು. ಅದರ ಹೆಸರಿನಲ್ಲಿ ಹಬ್ಬುವ ಬೆಳೆಯ ನೀರನ್ನೂ ಅಳೆಯಬೇಕು.

ಗುಣ ಮತ್ತು ಕಾಲ

ಮುಂಡರಗಿ ಸೀಮೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶವು ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಮೂಲವಿಲ್ಲದಾಗ ೧.೫ರ ವರೆಗೆ ಸಹಿಸಬಹುದೆಂಬುದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಅದಕ್ಕೂ ಹೆಚ್ಚಾದ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲುಗಳು ಕಂದುಬಣ್ಣಕ್ಕೆ ತಿರುಗುತ್ತವೆ; ದೊಡ್ಡವರ ಎಲುಬು ಕೀಲುಗಳು ಬಿಗಿಯುತ್ತವೆ. ಅದೇ ನೀರು ಸುಣ್ಣದ ಅಂಶವುಳ್ಳ ಎರೆಹೊಲದ ಜೋಳಕ್ಕೆ ಹೇಳಿಕೊಳ್ಳುವಂಥ ಬಾಧೆಯನ್ನು ಕೊಡುವದಿಲ್ಲ. ಬೆಳೆಗೆ ಸಲ್ಲುವ ನೀರು ಕೂಸಿಗೆ ಸಲ್ಲದು. ಹೀಗಿರಲು ನದಿಯ ಸಿಹಿನೀರು ಕಬ್ಬಿನ ಹೊಲಕ್ಕೆ ಹರಿದು, ಪಕ್ಕದ ಹಳ್ಳಿಯ ಕೂಸಿನ ಬಾಯಿಗೆ ಕೊಳವೆ ಬಾವಿಯ ನೀರು ಬೀಳುವದೆಂದರೆ ಹಿಂದಿನವರ ವಿವೇಕವನ್ನು ತಲೆಕೆಳಗು ಮಾಡಿದಂತೆಯೇ.

ಕಾಲದ ಭೇದವೂ ಇಷ್ಟೇ ಮುಖ್ಯವಾದುದು. ಮನೆಗೆ ಸ್ವಲ್ಪ ನೀರು ಸಾಕು, ಆದರೆ ದಿನಾಲು ಬೇಕು. ಕಾರಖಾನೆಗೆ ಹನ್ನೆರಡು ತಿಂಗಳೂ ಒಂದೇ ಸಮನೆ ಬೇಕು; ಬರಗಾಲವೆಂದು ಅದರ ಯಂತ್ರವು ಕಡಿಮೆ ಕುಡಿಯದು. ಹೊಲಕ್ಕೆ ಬಹಳ ಬೇಕು, ಆದರೆ ಎಲ್ಲ ದಿನಗಳೂ ಒಂದೇ ಅಲ್ಲ. ಜೋಳವು ಹೊಡೆ ಹಿರಿಯುವಾಗ, ಕಾಳು ಹಾಲು ತುಂಬುವಾಗ, ಕಡಲೆಯು ಹೂ ಬಿಟ್ಟು ಕಾಯಿ ಕಟ್ಟುವಾಗ ದೊರೆತ ಒಂದು ನೀರು ಉಳಿದ ಕಾಲದ ಮೂರು ನೀರುಗಳಿಗಿಂತ ಹೆಚ್ಚು ಫಲವನ್ನು ಕೊಡುವದು. ಆ ಹೊತ್ತಿಗೆ ತಪ್ಪಿದ ನೀರು ಆಮೇಲೆ ಎಷ್ಟು ಬಂದರೂ ಕಳೆದುಹೋದ ಕಾಳನ್ನು ತಿರುಗಿ ಕೊಡಲಾರದು.

ಕಡುಬೇಸಿಗೆಯಲ್ಲಿ ನದಿಯು ಬತ್ತಿದಾಗ, ಕೆಳಗಿನ ಊರುಗಳ ಕುಡಿಯುವ ನೀರಿನ ಸಲುವಾಗಿ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಟ್ಟ ವರುಷಗಳುಂಟು. ಆಗ ಎರಡೂ ದಂಡೆಗಳ ಪಂಪುಗಳನ್ನು ನಿಲ್ಲಿಸಬೇಕಾಗುತ್ತದೆ. ಕುಡಿಯುವ ನೀರಿಗಾಗಿ ಪಂಪು ನಿಲ್ಲತಕ್ಕದ್ದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿ ಕಟ್ಟಿದ ಬೆಳೆಯನ್ನು ಕಣ್ಣೆದುರಿಗೆ ಒಣಗಲು ಬಿಟ್ಟ ಒಕ್ಕಲಿಗನ ನಷ್ಟವನ್ನು ಯಾರು ತುಂಬಿಕೊಡಬೇಕು? ಲಕ್ಷ ಜನರು ಕುಡಿದ ನೀರಿನ ಬೆಲೆಯನ್ನು ನೂರು ಮನೆತನಗಳು ಮಾತ್ರ ತೆರುವದು ಧರ್ಮವೆನಿಸದು. ಇಂಥ ಆಜ್ಞೆಯು ಬಿತ್ತನೆಗೆ ಮುಂಚೆಯೇ ಸಾರಲ್ಪಟ್ಟರೆ ಒಕ್ಕಲಿಗನು ಬೇಸಿಗೆಯ ಬೆಳೆಯನ್ನು ಬಿಟ್ಟಾನು. ಬಿತ್ತಿದ ಮೇಲೆ ಬಂದರೆ ಪರಿಹಾರವೂ ಆಜ್ಞೆಯ ಜೊತೆಗೇ ಬರಬೇಕು.

ಹಳ್ಳಿಗುಡಿಯ ಪಾಠ

ಒಕ್ಕಲುತನಕ್ಕೂ ಕಾರಖಾನೆಗೂ ಇರುವ ಸಂಬಂಧವನ್ನು ವಿಚಾರಿಸುವವರು ಮುಂಡರಗಿ ತಾಲೂಕಿನ ಹಳ್ಳಿಗುಡಿಯನ್ನು ಮರೆಯಲಾಗದು. ೨೦೧೦ನೆಯ ಇಸವಿಯಲ್ಲಿ ದಕ್ಷಿಣ ಕೊರಿಯದ ಪೋಸ್ಕೊ ಕಂಪನಿಯು ಅಲ್ಲಿ ವರುಷಕ್ಕೆ ೬೦ ಲಕ್ಷ ಟನ್ ಉಕ್ಕನ್ನು ಮಾಡುವ ಕಾರಖಾನೆಯನ್ನು ಕಟ್ಟಲು ರಾಜ್ಯ ಸರಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ೩,೩೮೨ ಎಕರೆ ಜಮೀನನ್ನು ಗೊತ್ತುಮಾಡಲಾಗಿತ್ತು. ಒಕ್ಕಲಿಗರು ವಿರೋಧಿಸಿದರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಬೆಂಬಲಕ್ಕೆ ನಿಂತರು. ೨೦೧೧ರ ಜುಲೈಯಲ್ಲಿ ಸರಕಾರವು ಭೂಸ್ವಾಧೀನದ ಕೆಲಸವನ್ನು ನಿಲ್ಲಿಸಿತು. ೨೦೧೩ರ ಜುಲೈಯಲ್ಲಿ ಕಂಪನಿಯು ಯೋಜನೆಯನ್ನೇ ಕೈಬಿಟ್ಟಿತು.

ಆಗಿನ ವಾದವು ಮುಖ್ಯವಾಗಿ ಭೂಮಿಯ ವಿಷಯವಾಗಿತ್ತು. ನೀರಿನ ಲೆಕ್ಕವನ್ನೂ ಹಾಕಿ ನೋಡತಕ್ಕದ್ದು. ಚಪ್ಪಟೆ ಉಕ್ಕನ್ನು ಮಾಡುವ ಕಾರಖಾನೆಗಳು ಟನ್ನಿಗೆ ೮ ಘನ ಮೀಟರು ನೀರಿನ ಮಿತಿಗೆ ಬರಬೇಕೆಂದು ಕೇಂದ್ರದ ಪರಿಸರ ಇಲಾಖೆಯು ೨೦೦೩ರಲ್ಲಿ ಕಾರಖಾನೆಗಳವರೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿ ಹೇಳಿದೆ. ಈ ಮಿತಿಯನ್ನೇ ಹಿಡಿದರೂ ೬೦ ಲಕ್ಷ ಟನ್ನಿಗೆ ವರುಷಕ್ಕೆ ೪ ಕೋಟಿ ೮೦ ಲಕ್ಷ ಘನ ಮೀಟರು ನೀರಾಗುವದು. ಇದು ಗದಗ-ಬೆಟಗೇರಿಯ ವರುಷದ ನೀರಿನ ಐದೂವರೆ ಪಟ್ಟಿಗೂ ಮಿಕ್ಕಿದುದು. ಕಬ್ಬಿನ ಲೆಕ್ಕದಲ್ಲಿ ಆರರಿಂದ ಎಂಟು ಸಾವಿರ ಎಕರೆಯ ಸುಮಾರಿನದು. ದೇಶದ ಲೆಕ್ಕದಲ್ಲಿ ಕಾರಖಾನೆಗಳ ಪಾಲು ನೂರಕ್ಕೆ ಎರಡೇ ಆದರೂ, ಒಂದೇ ಸೀಮೆಯ ಒಂದೇ ನದಿಯ ಮೇಲೆ ಅದು ಬಂದು ಬಿದ್ದಾಗ ದೊಡ್ಡ ಭಾರವಾಗುವದು. ದೇಶದ ಸರಾಸರಿಯಿಂದ ಊರಿನ ನೀರನ್ನು ಅಳೆಯಲಾಗದು ಎಂಬುದೇ ಹಳ್ಳಿಗುಡಿಯ ಪಾಠ.

ಹಾಗೆಂದು ಕಾರಖಾನೆಗಳೇ ಬೇಡವೆನ್ನುವದು ಸರಿಯಲ್ಲ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಬರ ಬಂದಾಗ ದುಡಿಯುವ ಕೈಗಳು ಗುಳೆ ಹೋಗುವದನ್ನು ಕಂಡವರು ಹಾಗೆ ಹೇಳಲಾರರು. ಉಕ್ಕಿಗೂ ನೂಲಿಗೂ, ಕಾಳು ಒಡೆಯುವ ಗಿರಣಿಗೂ, ಎಣ್ಣೆಯ ಗಾಣಕ್ಕೂ ಬೇಕಾಗುವ ನೀರಿನಲ್ಲಿ ಅಜಗಜಾಂತರವಿದೆ. ಇಲ್ಲಿಯ ಹತ್ತಿ, ಶೇಂಗಾ, ಕಡಲೆ, ಮೆಣಸಿನಕಾಯಿಗಳನ್ನು ಇಲ್ಲಿಯೇ ಸಂಸ್ಕರಿಸುವ, ಕಡಿಮೆ ನೀರಿನಿಂದ ಹೆಚ್ಚು ಕೈಗಳಿಗೆ ಕೆಲಸ ಕೊಡುವ ಗಿರಣಿಗಳನ್ನು ಮೊದಲು ಬರಮಾಡಿಕೊಳ್ಳುವದು ವಿವೇಕವು.

ಆಗತಕ್ಕದ್ದೇನು?

ಮೊದಲನೆಯದಾಗಿ, ಕುಡಿಯುವ ನೀರಿಗೆ ಅಗ್ರಸ್ಥಾನ. ೨೦೦೨ನೆಯ ಇಸವಿಯ ಕರ್ನಾಟಕ ರಾಜ್ಯ ಜಲನೀತಿಯೂ ಕುಡಿಯುವ ನೀರನ್ನು ಮೊದಲಿಗೂ ನೀರಾವರಿಯನ್ನು ಅದರ ತರುವಾಯಕ್ಕೂ ಇಟ್ಟಿತ್ತು. ಆದರೆ ಅಗ್ರಸ್ಥಾನವನ್ನು ಪಡೆದವರಿಗೆ ಅಷ್ಟೇ ದೊಡ್ಡ ಹೊಣೆಯೂ ಉಂಟು. ಪಟ್ಟಣಗಳು ತಮ್ಮ ಸೋರುವ ಕೊಳವೆಗಳನ್ನು ಮುಚ್ಚಬೇಕು. ಬಳಸಿದ ನೀರನ್ನು ಶುದ್ಧಮಾಡಿ ಹಿಂದಕ್ಕೆ ಕೊಡಬೇಕು. ಗದಗ-ಬೆಟಗೇರಿಗೆ ಪೂರ್ಣ ಪ್ರಮಾಣದಲ್ಲಿ ನೀರು ಬಂದರೆ ಅದರ ಗಟಾರಗಳಿಂದ ಹೊರಡುವ ನೀರು ವರುಷಕ್ಕೆ ೬೮ ಲಕ್ಷ ಘನ ಮೀಟರಿನಷ್ಟಾಗುವದು. ಅದನ್ನು ಶುದ್ಧಮಾಡಿ, ಕೂಡಿಟ್ಟು, ಎಕರೆಗೆ ೧೨ ಅಂಗುಲದಂತೆ ಪೂರಕವಾಗಿ ಕೊಟ್ಟರೆ, ನಷ್ಟವನ್ನು ಕಳೆದೂ ಐದು ಸಾವಿರ ಎಕರೆಯ ಸುಮಾರು ಬೆಳೆಯನ್ನು ಕಾಯಬಹುದು. ಬಳಸಿದ ನೀರಿನ ಮರುಬಳಕೆಗೆ ರಾಜ್ಯದಲ್ಲಿ ೨೦೧೭ರಿಂದ ನೀತಿಯೇ ಇದೆ. ೨೦೧೮ರಿಂದ ಬೆಂಗಳೂರಿನ ನೀರನ್ನು ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಒಯ್ಯಲಾಗುತ್ತಿದೆ. ಅಲ್ಲಿ ಅಂತರ್ಜಲವು ಏರಿತೆಂಬ ಸಂತೋಷವೂ ಉಂಟು, ಶುದ್ಧೀಕರಣವು ಇನ್ನೂ ಒಂದು ಹಂತ ಮುಂದೆ ಹೋಗಬೇಕಿತ್ತೆಂಬ ಆಕ್ಷೇಪವೂ ಉಂಟು. ಎರಡನ್ನೂ ಕೇಳಿಕೊಂಡು ಗದಗಿನವರು ತಮ್ಮ ಏರ್ಪಾಡನ್ನು ಮಾಡಿಕೊಳ್ಳಬಹುದು.

ಎರಡನೆಯದಾಗಿ, ಹೊಲದ ಮಿತವ್ಯಯ. ಎರೆಭೂಮಿಗೆ ಅತಿಯಾಗಿ ನೀರು ಹಾಯಿಸಿದರೆ ಭೂಮಿಯು ಸವಳು-ಜವಳಾಗಿ ಕೆಡುವದನ್ನು ತುಂಗಭದ್ರಾ ಮತ್ತು ಮಲಪ್ರಭಾ ಕಾಲುವೆಗಳ ಕೆಳಗಿನ ಒಕ್ಕಲಿಗರು ಕಂಡುಂಡಿದ್ದಾರೆ. ಆದುದರಿಂದ ಮಿತವಾಗಿ ನೀರು ಕೊಡುವದು ಪರೋಪಕಾರ ಮಾತ್ರವಲ್ಲ, ಸ್ವಂತದ ಹಿತವೂ ಹೌದು. ಹನಿ ಮತ್ತು ತುಂತುರು ನೀರಾವರಿ, ಬದುಗಳ ದುರಸ್ತಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತುವದು, ಇವು ಪರೀಕ್ಷಿತ ಮಾರ್ಗಗಳು. ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಕೃಷಿ ಹೊಂಡಗಳು ಈ ಭಾಗದಲ್ಲಿ ಪರಿಚಿತವಾಗಿವೆ. ೨೧ ಮೀಟರು ಚೌಕ, ೩ ಮೀಟರು ಆಳದ ಹೊಂಡದಲ್ಲಿ ಇಳಿಜಾರಿನ ಬದಿಗಳನ್ನು ಕಳೆದು ೯-೧೦ ಲಕ್ಷ ಲೀಟರು ನೀರು ನಿಲ್ಲುವದು. ಆವಿಯಾಗುವದನ್ನು ಬಿಟ್ಟರೂ ಮೂರು ಎಕರೆಯ ಬೆಳೆಗೆ ತಕ್ಕ ಹೊತ್ತಿನಲ್ಲಿ ಒಂದು ನೀರು ಕೊಡಲು ಅದು ಸಾಕು. ಆ ಒಂದು ನೀರಿನಿಂದಲೇ ಬೆಳೆಯು ಉಳಿದೀತು.

ಆದರೆ ಒಕ್ಕಲಿಗನಿಗೆ ನೀತಿ ಹೇಳುವದಕ್ಕೆ ಮುಂಚೆ ಬೆಲೆ ಹೇಳಬೇಕು. ಕಬ್ಬಿಗೆ ಕೊಳ್ಳುವವನು ಗೊತ್ತಾಗಿರುತ್ತಾನೆ. ಜೋಳ, ಕಡಲೆಗಳನ್ನು ಬೆಳೆದವನು ಸುಗ್ಗಿಯಲ್ಲಿ ಪೇಟೆಯ ಧಾರಣೆಯ ಕೈಗೆ ಸಿಕ್ಕುತ್ತಾನೆ. ಕಡಿಮೆ ನೀರಿನ ಬೆಳೆಗೆ ಹೊತ್ತಿಗೆ ಸರಿಯಾದ ಖರೀದಿಯೂ ನ್ಯಾಯವಾದ ಬೆಲೆಯೂ ಇಲ್ಲದೆ ಹೋದರೆ ಉಪದೇಶವು ಗಾಳಿಗೆ ಹೋಗುವದು. ಇನ್ನೂ ಒಂದು ಮಾತು: ತಾನು ಉಳಿಸಿದ ನೀರನ್ನು ಮರುವರುಷವೇ ಬೇರೆಯವರು ಒಯ್ಯುವರೆಂಬ ಅಂಜಿಕೆಯಿದ್ದರೆ ಯಾರೂ ನೀರನ್ನು ಉಳಿಸಲಾರರು. ಉಳಿತಾಯದ ಮೊದಲ ಫಲವು ಕಾಲುವೆಯ ಕಡೆಯ ಹೊಲಕ್ಕೆ ಮುಟ್ಟಬೇಕು. ಪಟ್ಟಣವಾಗಲಿ ಕಾರಖಾನೆಯಾಗಲಿ ಅದರಲ್ಲಿ ಪಾಲನ್ನು ಬೇಡಿದರೆ ಹನಿ ನೀರಾವರಿಯ ಖರ್ಚಿನಲ್ಲಿಯೂ ಪಾಲು ಕೊಡಬೇಕು. ನೀರು ಮುಟ್ಟುವದಕ್ಕೆ ಮುಂಚೆ ಕರ ಮುಟ್ಟಿದರೆ ಏನಾಗುವದೆಂಬುದನ್ನು ೧೯೮೦ರ ಜುಲೈ ತಿಂಗಳಲ್ಲಿ ನರಗುಂದ-ನವಲಗುಂದಗಳಲ್ಲಿ ನಾಡು ಕಂಡಿದೆ.

ಮೂರನೆಯದಾಗಿ, ಕಾರಖಾನೆಯವರು ಭೂಮಿಯನ್ನು ಕೇಳುವದಕ್ಕೆ ಮುಂಚೆ ನೀರಿನ ಲೆಕ್ಕವನ್ನು 'ಎಷ್ಟು, ಯಾವ ತಿಂಗಳಲ್ಲಿ, ಎಲ್ಲಿಂದ, ತಿರುಗಿ ಬಿಡುವದೆಷ್ಟು, ಎಂಥದು' ಎಂದು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯತಿಯ ಮುಂದೆ ಇಡಬೇಕು. ಪಟ್ಟಣದ ಶುದ್ಧಮಾಡಿದ ನೀರಿನಿಂದ ನಡೆಯಬಲ್ಲ ಕೆಲಸಕ್ಕೆ ನದಿಯ ಹೊಸ ನೀರನ್ನು ಕೊಡಕೂಡದು.

ನಾಲ್ಕನೆಯದಾಗಿ, ಒಂದು ಕೂಡುಲೆಕ್ಕ. ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ನೆಯ ಇಸವಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದಾಗ, ಹಳ್ಳಿಯವರಿಂದ ಇಂಥ ಕೆಲಸವಾದೀತೇ ಎಂದು ಸಂಶಯಪಟ್ಟವರು ಇದ್ದಿರಬಹುದು. ಹಣವನ್ನು ಯಾರು ತಂದರು, ಯಾರು ಒಯ್ದರು, ಯಾರು ತಿರುಗಿ ಕೊಟ್ಟರು ಎಂಬುದನ್ನು ಎಲ್ಲರೂ ನೋಡುವಂತೆ ಪುಸ್ತಕದಲ್ಲಿ ಬರೆದಿಡುವದೇ ಸಹಕಾರದ ಜೀವಾಳ. ನೀರಿಗೂ ಅದೇ ಬೇಕಾಗಿದೆ. ೨೦೦೦ನೆಯ ಇಸವಿಯಲ್ಲಿ ನೀರಾವರಿ ಕಾಯದೆಗೆ ಆದ ತಿದ್ದುಪಡಿಯ ಮೇರೆಗೆ ನೀರು ಬಳಕೆದಾರರ ಸಹಕಾರ ಸಂಘಗಳು ಏರ್ಪಟ್ಟಿವೆ. ಆದರೆ ಅವುಗಳಲ್ಲಿ ಕಾಲುವೆಯ ಒಕ್ಕಲಿಗರು ಮಾತ್ರ ಕುಳಿತುಕೊಳ್ಳುತ್ತಾರೆ. ಅದೇ ನದಿಯ ನೀರನ್ನು ಕುಡಿಯುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಪಟ್ಟಣಗಳವರೂ, ಅದನ್ನು ಬಳಸುವ ಕಾರಖಾನೆಯವರೂ, ಕುಡಿಯುವ ನೀರಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳೂ ಅದೇ ಜಮಖಾನೆಯ ಮೇಲೆ ಕುಳಿತು, ಬ್ಯಾರೇಜಿನಲ್ಲಿ ಇಂದು ಎಷ್ಟು ನೀರುಂಟು, ಈ ತಿಂಗಳು ಯಾರಿಗೆ ಎಷ್ಟು ಹೋಯಿತು, ತಿರುಗಿ ಎಷ್ಟು ಬಂದಿತು ಎಂಬುದನ್ನು ಓದಿ ಕೇಳತಕ್ಕದ್ದು. ಆ ಲೆಕ್ಕವನ್ನು ಪ್ರತಿ ತಿಂಗಳೂ ಪಂಚಾಯತಿಯ ಗೋಡೆಯ ಮೇಲೆ ಬರೆಯತಕ್ಕದ್ದು.

ಸೀಮೆಗಳು ಬೇರೆ ಬೇರೆ ಆಳ್ವಿಕೆಗಳಲ್ಲಿದ್ದ ಕಾಲವೂ ಒಂದಿತ್ತು. ಗದಗ-ಮುಂಡರಗಿಗಳು ಮುಂಬಯಿ ಸರಕಾರಕ್ಕೂ, ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಆಗ ಒಬ್ಬರ ನೀರಿನ ಲೆಕ್ಕವು ಇನ್ನೊಬ್ಬರಿಗೆ ತಿಳಿಯದಿದ್ದುದು ಆಶ್ಚರ್ಯವಲ್ಲ. ಈಗ ನಾಲ್ಕೂ ಸೀಮೆಗಳು ಒಂದೇ ಜಿಲ್ಲೆಯಲ್ಲಿವೆ, ಒಂದೇ ಹೊಳೆಯನ್ನು ನಂಬಿವೆ. ಕಾಣದ ನೀರಿಗಾಗಿ ಜಗಳವಾಡುವದಕ್ಕಿಂತ ಕಾಣುವ ಲೆಕ್ಕವನ್ನು ಮುಂದಿಟ್ಟುಕೊಂಡು ಹಂಚಿಕೊಳ್ಳುವದು ಸುಲಭ. ಹಿಂದೆ ಊರಿನ ಕೆರೆಯ ಏರಿಯ ಮೇಲೆ ನಿಂತವನಿಗೆ ಈ ಲೆಕ್ಕವು ಕಣ್ಣಿಗೇ ಕಾಣುತ್ತಿತ್ತು. ಅದನ್ನು ತಿರುಗಿ ಕಾಣುವಂತೆ ಮಾಡುವ ಕೆಲಸವನ್ನು ಒಕ್ಕಲಿಗರೂ ಅಧಿಕಾರಿಗಳೂ ಮುಂದಿನ ಬೇಸಿಗೆಗೆ ಮುಂಚೆಯೇ ಕೈಕೊಳ್ಳುವದು ಅವಶ್ಯವಾಗಿದೆ.